ಹಳೇ ಕೋವಿ ಕೊಳ್ಳುವ ಮುಂಚೆ ನಳಿಗೆಯೊಳಗೆ ನೋಡಿ

ಸೈನ್ಯದವರು ಬಳಸಿ ಬಿಟ್ಟ ಹಳೇ ರೈಫಲ್ ನಮ್ಮಲ್ಲೂ ಅಗ್ಗಕ್ಕೆ ಸಿಗುತ್ತದಾ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟದವರು ಆಗಾಗ ಕೇಳುತ್ತಾರೆ. ಅಮೆರಿಕದವರು ಅಂಗಡಿಯಿಂದ ಬ್ರಿಟಿಷ್ ಸೈನ್ಯದ ಹಳೇ ರೈಫಲ್ ಆದ ಲೀ-ಎನ್‌ಫೀಲ್ಡ್ ತಂದು ಗ್ರೀಸು ಒರೆಸುವ ವಿಡಿಯೋ ಈಗ ಎಲ್ಲರ ಮೊಬೈಲಿಗೂ ಬರುತ್ತದೆ. ಹಂದಿ ಕಾಟಕ್ಕೆ ಬೇಸತ್ತವರಿಗೆ ಅದನ್ನು ನೋಡಿ ಆಸೆಯಾಗುವುದು ಸಹಜ. ಉತ್ತರ ಮಾತ್ರ ಚಿಕ್ಕದು: ಇಲ್ಲಿ ಸಿಗುವುದಿಲ್ಲ, ಯಾರಾದರೂ ತಂದುಕೊಡುತ್ತೇನೆ ಎಂದರೂ ಮುಟ್ಟಬಾರದು. ಆದರೆ ಹಳೇ ಮಿಲಿಟರಿ ರೈಫಲ್ ಕೊಳ್ಳುವವರು ಅದನ್ನು ಪರೀಕ್ಷೆ ಮಾಡುವ ಕ್ರಮ ಇದೆಯಲ್ಲ, ಅದು ನಮಗೆ ಪೂರ್ತಿ ಬೇಕು. ಯಾಕೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೈ ಬದಲಾಗುವ ಕೋವಿಗಳಲ್ಲಿ ಬಹುಪಾಲು ಅಜ್ಜನ ಕಾಲದವು.

ಮೊದಲು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ .303 ಮತ್ತು 7.62 ಮಿ.ಮೀ. ಬೋರಿನ (ನಳಿಗೆಯ ಒಳ ಅಳತೆಯ), ಹಿಂಬದಿಯ ಅಗುಳಿಯನ್ನು ಕೈಯಿಂದ ಎಳೆದು ಗುಂಡು ಕೂರಿಸುವ ಬೋಲ್ಟ್ ರೈಫಲ್‌ಗಳು, ಆ ಗುಂಡು ಕೂರುವ ಬೇರೆ ಯಾವುದೇ ರೈಫಲ್ ಕೂಡ, ನಿಷೇಧಿತ ಬೋರಿನ ಸಾಲಿನಲ್ಲಿವೆ. ಅದಕ್ಕೆ ಪರವಾನಗಿ ಕೊಡುವುದು ಕೇಂದ್ರ ಗೃಹ ಸಚಿವಾಲಯ, ಕಾರವಾರದ ಡಿ.ಸಿ. ಕಚೇರಿಯಲ್ಲಿ ಆಗುವ ಕೆಲಸವಲ್ಲ. ಇದೇ ಸಾಲಿನಲ್ಲಿ .410 ಮಸ್ಕೆಟ್ ಕೂಡ ಇದೆ. ಇಲ್ಲಿ ಜನ ಎಡವುತ್ತಾರೆ. ಹಳೇ .303 ರೈಫಲ್‌ಗಳನ್ನೇ ಈಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ಕೊರೆದು, ಒಂದೇ ಈಡಿನ ಮಸ್ಕೆಟ್ ಮಾಡಿ ಪೊಲೀಸರಿಗೆ, ಕಾವಲಿನವರಿಗೆ ಕೊಟ್ಟಿದ್ದರು. ಬೋರು ಸಣ್ಣದು, ಒಂದೇ ಗುಂಡು ಹಿಡಿಯುತ್ತದೆ, ಹಾಗಾಗಿ ತೊಂದರೆಯಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೇಜಾರಾಗುವ ಸಂಗತಿ ಒಂದಿದೆ. 1962ರ ಯುದ್ಧದ ನಂತರ ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆ ಲೀ-ಎನ್‌ಫೀಲ್ಡ್ ಮಾದರಿಯಲ್ಲೇ, ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62 ಗುಂಡಿನ 2ಎ ಮತ್ತು 2ಎ1 ರೈಫಲ್‌ಗಳನ್ನು ಮಾಡಿತು. ಸೇವೆ ಮುಗಿದ ಮೇಲೆ ಅವು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಅಲ್ಲಿ ಕಡಿಮೆ ದರಕ್ಕೆ ಮಾರಾಟವಾದವು. ನಮ್ಮದೇ ಕಾರ್ಖಾನೆಯ ರೈಫಲನ್ನು ಅಲ್ಲಿನ ರೈತ ಕೊಳ್ಳಬಹುದು, ಇಲ್ಲಿನ ರೈತ ಕೊಳ್ಳುವಂತಿಲ್ಲ.

ಅಲ್ಲಿ ತಿಳಿದವರು ಕೊಳ್ಳುವಾಗ ಹೊರಗಿನ ಹೊಳಪಿಗೆ ಬೆಲೆ ಕೊಡುವುದಿಲ್ಲ. ಬೋಲ್ಟಿನ ಮೇಲಿನ ನಂಬರೂ ಬಾಡಿಯ ನಂಬರೂ ಒಂದೇನಾ ಎಂದು ಮೊದಲು ನೋಡುತ್ತಾರೆ. ಲೀ-ಎನ್‌ಫೀಲ್ಡ್ ಬೋಲ್ಟಿನ ಲಗ್ಗುಗಳು, ಅಂದರೆ ಅದನ್ನು ಬಿಗಿದು ಹಿಡಿಯುವ ಹಲ್ಲುಗಳು, ಹಿಂಭಾಗದಲ್ಲಿವೆ. ಒಂದು ರೈಫಲ್ಲಿಗೆ ಕೂಡಿಸಿದ ಬೋಲ್ಟ್ ಇನ್ನೊಂದಕ್ಕೆ ಹೊಂದುತ್ತದೆ ಎಂಬ ಭರವಸೆಯಿಲ್ಲ. ಹೊಂದದಿದ್ದರೆ ಬೋಲ್ಟಿನ ಮುಖಕ್ಕೂ ತೋಟೆಯ (ಕಾರ್ಟ್ರಿಜ್‌ನ) ಅಂಚು ಕೂರುವ ಜಾಗಕ್ಕೂ ನಡುವೆ ಸಂದು ಹೆಚ್ಚುತ್ತದೆ. .303ಗೆ ಈ ಅಳತೆ 0.064ರಿಂದ 0.074 ಇಂಚಿನ ಒಳಗಿರಬೇಕು. ಮೀರಿದರೆ ಈಡು ಹಾರಿದಾಗ ಹಿತ್ತಾಳೆಯ ಕೇಸು ಹಿಗ್ಗಿ, ಬುಡದ ಹತ್ತಿರ ಕತ್ತರಿಸಿಹೋಗುತ್ತದೆ. ಬಿಸಿ ಗಾಳಿ ಹಿಂದಕ್ಕೆ, ಹೊಡೆಯುವವನ ಮುಖದ ಕಡೆಗೆ ನುಗ್ಗುತ್ತದೆ. ಡಿಪಿ (ಡ್ರಿಲ್ ಪರ್ಪಸ್) ಎಂದು ಒತ್ತಿರುವ ರೈಫಲ್ ಕವಾಯತಿಗೆ ಮಾತ್ರ ಎಂದು ಸೈನ್ಯವೇ ಬದಿಗಿಟ್ಟದ್ದು. ಅದರಿಂದ ಈಡು ಹೊಡೆಯುವಂತೆಯೇ ಇಲ್ಲ.

ನಮ್ಮ ಕೈಗೆ ಕಾನೂನುಬದ್ಧವಾಗಿ ಸಾಮಾನ್ಯವಾಗಿ ಎಟುಕುವುದು ಮೂರು. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆ ತೋಟೆಕೋವಿ, ಸರ್ಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಮಿಲಿಟರಿ ರೈಫಲ್ಲಿನ ಮೇಲೆ ಮನಸ್ಸಿದ್ದವರು .315ರ ಕಡೆ ವಾಲುತ್ತಾರೆ, ಯಾಕೆಂದರೆ ಅದರ ಬೋಲ್ಟು, ಬಾಡಿ ಎಲ್ಲ ಲೀ-ಎನ್‌ಫೀಲ್ಡ್ ವಂಶದ್ದೇ. ಅಡಿಕೆ ತೋಟಕ್ಕೆ ನಾನು ಅದನ್ನು ಹೇಳುವುದಿಲ್ಲ. ಅದರ ಗುಂಡು 244 ಗ್ರೇನ್, ಅಂದರೆ ಸುಮಾರು 16 ಗ್ರಾಂ ತೂಗುತ್ತದೆ. ಗುರಿ ತಪ್ಪಿದರೆ ಎರಡು ಮೂರು ಕಿಲೋಮೀಟರ್ ಹೋದೀತು. ನಮ್ಮ ಕಣಿವೆಗಳಲ್ಲಿ ತೋಟದ ತುದಿಗೊಂದು ಮನೆ, ಬೆಟ್ಟದಲ್ಲಿ ಸೊಪ್ಪು ಕೊಯ್ಯುವವರು, ದಾರಿಯಲ್ಲಿ ಹಾಲು ಒಯ್ಯುವವರು ಇದ್ದೇ ಇರುತ್ತಾರೆ. ತೋಟೆಕೋವಿಯ 6ನೇ ನಂಬರಿನ ಸಣ್ಣ ಚರೆ ಸುಮಾರು 200 ಮೀಟರಿನಲ್ಲಿ ಬಿದ್ದುಹೋಗುತ್ತದೆ. ಎಲ್.ಜಿ. ಎಂಬ ದಪ್ಪ ಚರೆಯಾದರೆ 700 ಮೀಟರಿನವರೆಗೂ ಹೋಗಬಹುದು, ಅದೂ ಕಡಿಮೆಯಲ್ಲ. ತೋಟದ ಕೆಲಸಕ್ಕೆ 12 ಬೋರಿನ ಒಂಟಿನಳಿಗೆ ಸಾಕು. ಅಗ್ಗ, ಕೆಡುವ ಭಾಗಗಳೂ ಕಡಿಮೆ.

ಕಾಗದದ ವಿಷಯದಲ್ಲಿ ಅವಸರ ಮಾಡಬೇಡಿ. ಪರವಾನಗಿ ಕೈಗೆ ಬರುವ ಮುಂಚೆ ಕೋವಿಗೆ ಮುಂಗಡ ಕೊಡಬಾರದು. ಬೆಳೆ ರಕ್ಷಣೆಗೆಂದು ಅರ್ಜಿ ಹಾಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಂತೆ ಸಾಮಾನ್ಯವಾಗಿ ಸಿಗುವುದು ಕೇಪಿನ ಕೋವಿಗೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟೆಕೋವಿಗೆ ಕೊಡಬಹುದು. ಅರ್ಜಿಯಲ್ಲಿ ಪಹಣಿಯ ಜೊತೆಗೆ ಯಾವ ಪ್ರಾಣಿ, ಯಾವ ತಿಂಗಳು, ಎಷ್ಟು ಬೆಳೆ ಎಂದು ಬಿಡಿಸಿ ಬರೆಯಿರಿ. ಬೆಳೆನಷ್ಟ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಕೊಟ್ಟ ಹಳೇ ಅರ್ಜಿಗಳ ಪ್ರತಿ ಇದ್ದರೆ ಲಗತ್ತಿಸಿ.

ಅಭಯಾರಣ್ಯದ ಹತ್ತಿರ ಇರುವವರಿಗೆ ಇನ್ನೊಂದು ಬಾಗಿಲು ದಾಟುವುದಿದೆ. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಜೋಯಿಡಾ, ದಾಂಡೇಲಿಯವರಿಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮುಂಡಗೋಡಿನವರಿಗೆ ಅತ್ತಿವೇರಿ, ಸಿದ್ದಾಪುರ–ಹೊನ್ನಾವರದ ಘಟ್ಟದವರಿಗೆ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಲೆಕ್ಕಕ್ಕೆ ಬರುತ್ತವೆ. ಅರ್ಜಿ ತಿಂಗಳುಗಟ್ಟಲೆ ಅಲ್ಲಾಡದೆ ಕೂತಿದೆ ಎಂದರೆ ಈ ಒಪ್ಪಿಗೆಯ ಕಡತ ಎಲ್ಲಿದೆ ಎಂದು ಮೊದಲು ವಿಚಾರಿಸಿ. ಪರವಾನಗಿ ಬಂದ ಮೇಲೂ ಅದು ಕೋವಿ ಇಟ್ಟುಕೊಳ್ಳಲು ಸಿಕ್ಕ ಅನುಮತಿಯೇ ಹೊರತು ಪ್ರಾಣಿ ಕೊಲ್ಲಲು ಸಿಕ್ಕದ್ದಲ್ಲ. ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಕೊಡಗಿನ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ನಮ್ಮ ಜಿಲ್ಲೆಗಿಲ್ಲ.

ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವರು ಯಾರಿಗೆ ಮಾರುತ್ತಿದ್ದಾರೆ ಎಂದು ಹೆಸರು, ವಿಳಾಸ ಸಮೇತ ಜಿಲ್ಲಾಧಿಕಾರಿಗೆ ಇಲ್ಲವೇ ಹತ್ತಿರದ ಠಾಣೆಗೆ ಬರೆದು ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಾಯಬೇಕು. ಆ ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. 45 ದಿನ ಮುಗಿಯುವವರೆಗೆ ಕೋವಿ ಅವರ ಮನೆಯಲ್ಲೇ ಇರಬೇಕು, ನೋಡಲು ಹೋಗುವುದು ನೀವು. ಪರವಾನಗಿದಾರರು ತೀರಿಕೊಂಡಿದ್ದರೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯಲ್ಲೋ ಇಟ್ಟಿರಬೇಕು. ಅಟ್ಟದ ಮೇಲಿನಿಂದ ಇಳಿಸಿ ಕೊಡುತ್ತೇವೆ ಎಂದರೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಮೂರನೆಯದನ್ನು ಬಿಟ್ಟುಕೊಡಬೇಕಾದ ಹಳೇ ಮನೆತನಗಳಿಂದ ಒಳ್ಳೆಯ ಜೋಡುನಳಿಗೆಗಳು ಹೊರಗೆ ಬಂದಿವೆ.

ಈಗ ಕೋವಿ ನೋಡುವುದು. ಒಂದು ಬಲವಾದ ಸಣ್ಣ ಟಾರ್ಚು, ಬಿಳಿ ಹತ್ತಿಬಟ್ಟೆ, ಕ್ಲೀನಿಂಗ್ ರಾಡು, ಹಿತ್ತಾಳೆ ಬ್ರಷ್ಷು, ಅಳತೆ ಟೇಪು, ತೆಳು ಕಾಗದದ ಪಟ್ಟಿ, ಮದ್ದಿಲ್ಲದ ಎರಡು ಡಮ್ಮಿ ತೋಟೆ ಇಷ್ಟು ಒಯ್ಯಿರಿ.

ಕೇಪಿನ ಕೋವಿಯಾದರೆ ಕೈಗೆ ಬಂದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಮೂತಿಯನ್ನು ಯಾರೂ ಇಲ್ಲದ ಕಡೆ ಇಟ್ಟುಕೊಂಡು, ಕೈಯನ್ನು ಬದಿಯಲ್ಲಿರಿಸಿ, ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಡಿ. ಮೂತಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿಯಿರಿ. ಗಜದ ತುದಿ ಕೇಪು ಕೂರುವ ನಿಪ್ಪಲಿನ ಹತ್ತಿರ ಬಂದರೆ ಖಾಲಿ. ಎರಡು ಮೂರು ಇಂಚು ಮೇಲೇ ನಿಂತರೆ ಒಳಗೆ ಮದ್ದು, ಚರೆ ತುಂಬಿದ್ದೇ ಇದೆ ಎಂದು ತಿಳಿಯಿರಿ. ಅಜ್ಜ ತುಂಬಿಟ್ಟ ಕರಿಮದ್ದು ಮೊಮ್ಮಗನ ಕಾಲಕ್ಕೂ ಹೊತ್ತಿಕೊಳ್ಳುತ್ತದೆ. ಕೇಪು ಹಾಕಿ ಹೊಡೆದು ಖಾಲಿ ಮಾಡುವ ಸಾಹಸ ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದಲೇ ತೆಗೆಸಿ. ಈ ಕೋವಿಗೆ ಕರಿಮದ್ದು ಬಿಟ್ಟು ಬೇರೇನೂ ಸಲ್ಲದು. ತೋಟೆ ಬಿಚ್ಚಿ ತೆಗೆದ ನೈಟ್ರೋ (ಹೊಗೆಯಿಲ್ಲದ) ಮದ್ದು ಹಾಕಿದರೆ ಒತ್ತಡ ಹಲವು ಪಟ್ಟು ಏರಿ ನಳಿಗೆಯ ಬುಡ ಸೀಳುತ್ತದೆ. ಮದ್ದಿನ ಕೋವಿಯಿಂದ ಬೆರಳು ಕಳೆದುಕೊಳ್ಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ತೋಟೆಕೋವಿಯನ್ನು ಬಿಚ್ಚಿ, ನಳಿಗೆ ಬೇರೆ ಮಾಡಿ. ಮಾರುವವರು ಒಳಗೆ ಎಣ್ಣೆ ಸವರಿಟ್ಟಿರುತ್ತಾರೆ. ಎಣ್ಣೆ ಬಿದ್ದ ನಳಿಗೆ ಎಲ್ಲವೂ ಕನ್ನಡಿಯಂತೆ ಹೊಳೆಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬ್ರಷ್ಷು ಹಾಕಿ, ಒಣಬಟ್ಟೆ ಎಳೆದು, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ. ಆಮೇಲೆ ಕಿಟಕಿಯ ಚೌಕಟ್ಟಿಗೆ ನಳಿಗೆ ಹಿಡಿದು, ಆ ಗೆರೆಯ ನೆರಳು ಒಳಮೈಯಲ್ಲಿ ಹರಿಯುವುದನ್ನು ನೋಡುತ್ತ ನಿಧಾನವಾಗಿ ತಿರುಗಿಸಿ. ನೆರಳು ನೇರವಾಗಿ ಹರಿದರೆ ಸರಿ. ಒಂದು ಕಡೆ ಸೊಟ್ಟಗಾದರೆ ಅಲ್ಲಿ ನೆಗ್ಗಿದೆ. ಸುತ್ತಲೂ ಕಪ್ಪು ಉಂಗುರದ ಹಾಗೆ ಕಂಡರೆ ಉಬ್ಬಿದೆ: ನಳಿಗೆಯಲ್ಲಿ ಮಣ್ಣೋ ಬಟ್ಟೆ ಚೂರೋ ಇರುವಾಗ ಯಾರೋ ಹೊಡೆದಿದ್ದಾರೆ. ನೆಗ್ಗನ್ನು ಒಳ್ಳೆಯ ಕೆಲಸಗಾರ ಎಬ್ಬಿಸುತ್ತಾನೆ, ಉಬ್ಬಿದ ನಳಿಗೆಯನ್ನು ಬಿಟ್ಟುಬಿಡಿ.

ತುಕ್ಕಿನ ಕುಳಿ ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಮೂತಿಯ ಕಡೆ ಸಣ್ಣ ಕುಳಿಗಳಿದ್ದರೆ ಭಯವಿಲ್ಲ, ಒರೆಸಲು ಸ್ವಲ್ಪ ಕಷ್ಟ ಅಷ್ಟೆ. ತೋಟೆ ಕೂರುವ ಗೂಡಿನ ಮುಂದಿನ ಐದಾರು ಇಂಚಿನಲ್ಲಿ ಒತ್ತಡ ಅತಿ ಹೆಚ್ಚು. ಅಲ್ಲಿ ಆಳದ ಕುಳಿ ಕಂಡರೆ ಬೇಡ. ಯಾರಾದರೂ ಕುಳಿ ಹೋಗಲೆಂದು ಒಳಗೆ ಉಜ್ಜಿಸಿ ನಳಿಗೆ ತೆಳ್ಳಗೆ ಮಾಡಿರುವುದೂ ಉಂಟು. 12 ಬೋರಿನ ಒಳ ಅಳತೆ 0.729 ಇಂಚು. ರಿಪೇರಿಯವರ ಗೇಜಿನಲ್ಲಿ ಅದಕ್ಕಿಂತ ತುಂಬಾ ಹೆಚ್ಚು ಬಂದು, ನಳಿಗೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಅದು ಗೋಡೆಗೆ ತೂಗುಹಾಕುವ ಕೋವಿ.

ಹೊರಮೈಯಲ್ಲಿ ನೀರಿನ ಅಲೆಯಂಥ, ಹೆಣೆದಂಥ ಗೆರೆಗಳಿದ್ದರೆ ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಕರಿಮದ್ದಿನ ಕಾಲದಲ್ಲಿ ಮಾಡಿದ್ದು. ಬೆಸುಗೆಯ ಸಂದಿಯಲ್ಲಿ ಒಳಗಿಂದೊಳಗೇ ತುಕ್ಕು ತಿಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎಷ್ಟೇ ಚಂದವಿರಲಿ, ಇಂದಿನ ತೋಟೆಗೆ ಕೊಳ್ಳಬಾರದು.

ಗೂಡಿನ ಉದ್ದವನ್ನೂ ಕೇಳಿ ತಿಳಿದುಕೊಳ್ಳಿ. ಹಳೇ ಇಂಗ್ಲಿಷ್ ಕೋವಿಗಳು ಎರಡೂವರೆ ಇಂಚಿನವು, ಅಂದರೆ 65 ಮಿ.ಮೀ. ತೋಟೆಗೆ. ಅದರೊಳಗೆ 70 ಮಿ.ಮೀ. ತೋಟೆ ಸಲೀಸಾಗಿ ಕೂರುತ್ತದೆ. ಮೋಸ ಇರುವುದು ಅಲ್ಲೇ: ಮಡಚಿದ ತುದಿ ಹೊಡೆದಾಗ ಬಿಚ್ಚಿಕೊಳ್ಳುವುದು ಇಕ್ಕಟ್ಟಾದ ಜಾಗಕ್ಕೆ, ಒತ್ತಡ ಒಮ್ಮೆಲೇ ಏರುತ್ತದೆ. ನಳಿಗೆಯ ಅಡಿಯ ಚಪ್ಪಟೆ ಜಾಗದಲ್ಲಿ ಪ್ರೂಫ್ (ಒತ್ತಡದ ಪರೀಕ್ಷೆ ಆದ) ಗುರುತುಗಳ ಜೊತೆ ಇದನ್ನು ಒತ್ತಿರುತ್ತಾರೆ. ನೈಟ್ರೋ ಪ್ರೂಫ್ ಎಂದು ಇಲ್ಲದ ನಳಿಗೆಗೆ ಇಂದಿನ ತೋಟೆ ಹಾಕಬೇಡಿ. ನಾಟ್ ಫಾರ್ ಬಾಲ್ ಎಂದಿದ್ದರೆ ಮೂತಿ ಕಿರಿದಾದ ಚೋಕ್ ನಳಿಗೆ, ಒಂಟಿ ಗುಂಡು ಹಾಕಬಾರದು.

ಟೇಪು ಹಿಡಿದು ನಳಿಗೆಯ ಉದ್ದ ಅಳೆಯಿರಿ. 20 ಇಂಚಿಗಿಂತ ಕಡಿಮೆ ಇದ್ದರೆ, ಅಥವಾ ಕತ್ತರಿಸಿದ ಗುರುತಿದ್ದರೆ ವಾಪಸ್ ಕೊಡಿ; ಅನುಮತಿಯಿಲ್ಲದೆ ನಳಿಗೆ ಮೊಟಕು ಮಾಡುವುದೇ ಅಪರಾಧ. ಜೋಡುನಳಿಗೆಯಲ್ಲಿ ಇದನ್ನು ಹಿಡಿಯುವುದು ಸುಲಭ: ಮೂಲ ಮೂತಿಯಲ್ಲಿ ಎರಡು ನಳಿಗೆಗಳು ಒಂದಕ್ಕೊಂದು ತಾಗಿರುತ್ತವೆ, ಕತ್ತರಿಸಿದ್ದರಲ್ಲಿ ನಡುವೆ ಸಂದು ಕಾಣುತ್ತದೆ. ಜೊತೆಗೆ ನಳಿಗೆ, ಬಾಡಿ, ಮುಂದಿನ ಮರದ ಕಬ್ಬಿಣ ಈ ಮೂರರ ನಂಬರನ್ನೂ ಪರವಾನಗಿಯ ನಂಬರಿಗೆ ತಾಳೆ ನೋಡಿ. ಉಜ್ಜಿದ ನಂಬರಿನ ಕೋವಿ ಯಾರ ಮನೆಯಲ್ಲಿ ಸಿಗುತ್ತದೋ ಕೇಸು ಅವರ ಮೇಲೆ.

ಮತ್ತೆ ಜೋಡಿಸಿ, ಆದರೆ ಮುಂದಿನ ಮರ ಹಾಕಬೇಡಿ. ಆ ಮರ ಸಡಿಲವನ್ನು ಮುಚ್ಚಿಬಿಡುತ್ತದೆ. ನಳಿಗೆ ಹಿಡಿದು ಹಿಡಿಯ ಬುಡವನ್ನು ಅಲ್ಲಾಡಿಸಿ. ಕಟಕಟ ಎಂದರೆ ತಿರುಗಣಿ ಸವೆದಿದೆ. ನಳಿಗೆಯ ಬುಡಕ್ಕೂ ಬಾಡಿಯ ಮುಖಕ್ಕೂ ನಡುವೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ಬಿಗಿ ಹಿಡಿಯಬೇಕು, ಜಾರಿ ಬಂದರೆ ಕೂಡು ಬಿಟ್ಟಿದೆ. ಇದು ರಿಪೇರಿ ಆಗುವಂಥದ್ದು, ಆದರೆ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಿ. ಜೋಡುನಳಿಗೆಯನ್ನು ಬುಡದ ಕೊಂಡಿಗೆ ದಾರ ಕಟ್ಟಿ ನೇತುಹಾಕಿ ಬೆರಳ ಗೆಣ್ಣಿನಿಂದ ತಟ್ಟಿದರೆ ದೇವಸ್ಥಾನದ ಗಂಟೆಯಂತೆ ನಾದ ಬರಬೇಕು. ಜರ್ ಎಂದು ಒಡೆದ ಸದ್ದಾದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ, ಒಳಗೆ ನೀರು ಸೇರಿ ತುಕ್ಕು ಹಿಡಿಯುತ್ತಿದೆ.

ಡಮ್ಮಿ ತೋಟೆ ಹಾಕಿ ಕುದುರೆ (ಹ್ಯಾಮರ್) ಏರಿಸಿ, ಹಿಡಿಯ ಬುಡವನ್ನು ಗೋಣಿ ಹಾಸಿದ ನೆಲಕ್ಕೆ ಎರಡು ಸಲ ಕುಟ್ಟಿ. ತಾನಾಗಿ ಬಿದ್ದರೆ ಕುದುರೆಯನ್ನು ತಡೆದಿಡುವ ಒಳಗಿನ ಮೆಟ್ಟಿಲು ಸವೆದಿದೆ. ಇಂಥ ಕೋವಿ ಹಿಡಿದು ತೋಟದ ಜಾರುದಾರಿಯಲ್ಲಿ ನಡೆಯಬಾರದು. ಸೇಫ್ಟಿಯನ್ನು ನೆಚ್ಚಿಕೊಳ್ಳಬೇಡಿ. ಬಹಳಷ್ಟು ಜೋಡುನಳಿಗೆಗಳಲ್ಲಿ ಅದು ಟ್ರಿಗರನ್ನು ಮಾತ್ರ ತಡೆಯುತ್ತದೆ, ಕುದುರೆಯನ್ನಲ್ಲ. ಮರದಲ್ಲಿ ಬಾಡಿಯ ಹಿಂದಿನ ಕತ್ತಿನ ಭಾಗ ನೋಡಿ. ಅಲ್ಲಿ ಕಪ್ಪಾಗಿ, ಉಗುರು ಒತ್ತಿದರೆ ಮೆತ್ತಗಿದ್ದರೆ ವರ್ಷಗಟ್ಟಲೆ ಎಣ್ಣೆ ಇಳಿದು ಮರ ಲಡ್ಡಾಗಿದೆ.

.315 ಕೊಳ್ಳುವವರು ಮೇಲೆ ಹೇಳಿದ ಬೋಲ್ಟಿನ ಪರೀಕ್ಷೆ ಮರೆಯಬಾರದು. ಮಾರುವವರ ಹತ್ತಿರ ಹೊಡೆದ ಕೇಸು ಇದ್ದರೆ ಕೇಳಿ ಪಡೆಯಿರಿ. ಅಂಚಿನಿಂದ ಸ್ವಲ್ಪ ಮೇಲೆ ಸುತ್ತಲೂ ಬೆಳ್ಳಗೆ ಹೊಳೆಯುವ ಗೆರೆ ಕಂಡರೆ ಕೇಸು ಅಲ್ಲಿ ಹಿಗ್ಗಿ ತೆಳ್ಳಗಾಗಿದೆ, ಸಂದು ಹೆಚ್ಚಾಗಿದೆ ಎಂದರ್ಥ. ಮೂತಿಯ ಅಂಚಿನಲ್ಲಿ ತಿರುಪಿನ ಗೆರೆಗಳು ಒಂದು ಪಕ್ಕಕ್ಕೆ ಸವೆದಿದ್ದರೆ ಮೂತಿಯಿಂದ ರಾಡು ಹಾಕಿ ಒರೆಸಿದವರ ಕೆಲಸ, ಗುರಿ ಕೂರುವುದಿಲ್ಲ.

ಕೊಂಡ ಮೇಲೆ ನಮ್ಮ ಹವೆಯ ಜೊತೆ ಹೊಡೆದಾಟ. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ಎಣ್ಣೆಯಿಲ್ಲದ ಕಬ್ಬಿಣ ಬೇಗ ಕೆಂಪಾಗುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಚರ್ಮದ ಚೀಲದಲ್ಲಿ ಕೋವಿ ಇಡಬೇಡಿ, ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಬೇಡ: ಕಾಲ ಕಳೆದಂತೆ ಕಮಟಿ ಹುಳಿಯಾಗಿ ಕಬ್ಬಿಣವನ್ನೇ ತಿನ್ನುತ್ತದೆ, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಶಿರಸಿಯ ಡಿಸೆಂಬರ್ ಬೆಳಗ್ಗೆ ತೋಟೆಯ ಕ್ಯಾಪಿಗೆ ಬಡಿಯುವ ಫೈರಿಂಗ್ ಪಿನ್ ಅಂಟಿಕೊಂಡು ನಿಂತರೆ ಕಾರಣ ಇದೇ ಇರಬಹುದು. ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ ಮತ್ತೆ ಸವರಿ. ಕೋವಿಯನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸಿಡಿ, ಆಗ ಎಣ್ಣೆ ಮರದ ಕಡೆ ಇಳಿಯುವುದಿಲ್ಲ.

ಕರಿಮದ್ದು ಹೊಡೆದ ದಿನವೇ ಕೇಪಿನ ಕೋವಿಯನ್ನು ಬಿಸಿನೀರಿನಲ್ಲಿ ತೊಳೆಯಬೇಕು. ಅದರ ಮಸಿ ತೇವ ಎಳೆಯುತ್ತದೆ. ಹಳೇ ಮಿಲಿಟರಿ ಗುಂಡುಗಳಲ್ಲೂ ಇದೇ ಕಥೆ: ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದು, ಉರಿದ ಮೇಲೆ ಉಪ್ಪು ಉಳಿಯುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಲ್ಲೇ ಕರಗಬೇಕು. ಕೈ ಮುಟ್ಟಲಾರದಷ್ಟು ಬಿಸಿನೀರು ಹೊಯ್ದರೆ ನಳಿಗೆಯೇ ಬಿಸಿಯಾಗಿ ಬೇಗ ಒಣಗುತ್ತದೆ. ಒಣಬಟ್ಟೆ ಎಳೆದು ಆಮೇಲೆ ಎಣ್ಣೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಡಲು ಆದೇಶವಾದರೆ ಹಿಂದಿನ ದಿನವೇ ಸಿದ್ಧ ಮಾಡಿ. ಅಲ್ಲಿ ತಿಂಗಳೆರಡು ತಿಂಗಳು ಯಾರೂ ಒರೆಸುವುದಿಲ್ಲ. ಈ ಸಲ ತೆಳು ಎಣ್ಣೆ ಸಾಲದು, ನಳಿಗೆಯ ಒಳಗೂ ಹೊರಗೂ ಗ್ರೀಸು ಹಚ್ಚಿ, ಮೂತಿಗೆ ಬಟ್ಟೆ ತುರುಕದೆ ಹಾಗೇ ಬಿಡಿ. ಬಟ್ಟೆ ತೇವ ಹಿಡಿಯುತ್ತದೆ, ತೆಗೆಯಲು ಮರೆತರೆ ಮೊದಲ ಈಡಿಗೇ ನಳಿಗೆ ಉಬ್ಬುತ್ತದೆ. ರಸೀದಿಯಲ್ಲಿ ನಂಬರಿನ ಜೊತೆ ಕೋವಿಯ ಸ್ಥಿತಿಯನ್ನೂ ಬರೆಸಿಕೊಳ್ಳಿ. ವಾಪಸ್ ಪಡೆಯುವಾಗ ಸಹಿ ಹಾಕುವ ಮುಂಚೆ ಠಾಣೆಯ ಅಂಗಳದ ಬೆಳಕಿನಲ್ಲಿ ಬಿಚ್ಚಿ, ಗ್ರೀಸು ಒರೆಸಿ, ನಂಬರೂ ನಳಿಗೆಯೂ ನೋಡಿ. ಬೆಳೆ ರಕ್ಷಣೆಗೆ ಕೋವಿ ಬೇಕೇ ಬೇಕು ಎನ್ನುವವರು ವಿನಾಯಿತಿಯ ಅರ್ಜಿಯನ್ನು ಆದೇಶ ಹೊರಟ ಕೂಡಲೇ ಕೊಡಬೇಕು, ಕೊನೇ ದಿನದವರೆಗೆ ಕಾಯಬಾರದು.